ಲಾಸ್ ವೇಗಸ್: ಬೆಳೆದದ್ದು ಹೇಗೆ, ತುಂಬಿದವರು ಯಾರು

ಲಾಸ್ ವೇಗಸ್‌ನಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿದರೆ ಎರಡು ಲೆಕ್ಕ ಸಿಗುತ್ತವೆ. 2020ರ ಗಣತಿಯ ಪ್ರಕಾರ ನಗರದಲ್ಲಿರುವವರು 6,41,903. ಆ ನಗರವನ್ನು ಒಳಗೊಂಡ, ನಮ್ಮ ಜಿಲ್ಲೆಯಂಥ ಕ್ಲಾರ್ಕ್ ಕೌಂಟಿಯಲ್ಲಿರುವವರು 22,65,461. ಅಂದರೆ 'ಲಾಸ್ ವೇಗಸ್‌ನವರು' ಅನ್ನಿಸಿಕೊಂಡವರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ಆ ನಗರದ ಗಡಿಯಲ್ಲೇ ಇಲ್ಲ. ಟಿವಿಯಲ್ಲಿ ಜಗಮಗಿಸುವ ಸ್ಟ್ರಿಪ್ ರಸ್ತೆಯ ಬಹುಪಾಲು ಕೂಡ ಇಲ್ಲ! ಅಲ್ಲಿನ ಹೋಟೆಲುಗಳು ನಿಂತಿರುವುದು ಪ್ಯಾರಡೈಸ್ ಎಂಬ, ಪುರಸಭೆಯೂ ಇಲ್ಲದ, ನೇರವಾಗಿ ಕೌಂಟಿ ಆಳುವ ಜಾಗದಲ್ಲಿ. ನಗರ ತಮ್ಮನ್ನು ಸೇರಿಸಿಕೊಂಡು ತೆರಿಗೆ ಹಾಕೀತು ಎಂದು 1950ರ ಕೊನೆಯಲ್ಲಿ ಕ್ಯಾಸಿನೊ ಮಾಲೀಕರೇ ಹಟ ಹಿಡಿದು ಮಾಡಿಸಿಕೊಂಡ ಏರ್ಪಾಡು ಅದು. ಹಾಗಾಗಿ ಈ ಬರಹದಲ್ಲಿ ಲಾಸ್ ವೇಗಸ್ ಎಂದರೆ ಇಡೀ ಕಣಿವೆ, ಲೆಕ್ಕಗಳು ಕೌಂಟಿಯವು.

ಮರಳುಗಾಡಿನ ಊರು ಅಂದಕೂಡಲೇ ಎಲ್ಲರೂ ಕೇಳುವುದು ನೀರಿನ ಬಗ್ಗೆ. ಊರಿಗೆ ನೀರು ಕೊಡುವ, ಹೂವರ್ ಅಣೆಕಟ್ಟಿನ ಹಿನ್ನೀರಾದ ಮೀಡ್ ಸರೋವರ ಬತ್ತುತ್ತಿದೆ, ಊರು ಇನ್ನೆಷ್ಟು ದಿನ ಎಂಬ ಬರಹಗಳಿಗೆ ಬರವಿಲ್ಲ. ಅಂಕಿಅಂಶ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ನೀರಿನ ಪರೀಕ್ಷೆಯಲ್ಲಿ ಈ ಊರು ಇಲ್ಲಿಯವರೆಗೆ ಪಾಸಾಗಿದೆ, ಅದೂ ಒಳ್ಳೆಯ ಅಂಕ ತೆಗೆದು. ಹಿಂದೆ ಬಿದ್ದಿರುವುದು, ಕೆಲಸಕ್ಕೆಂದು ಕರೆಸಿಕೊಂಡವರನ್ನು ಊರಿನವರನ್ನಾಗಿ ಉಳಿಸಿಕೊಳ್ಳುವುದರಲ್ಲಿ.

ಎಂಟೂವರೆ ಸಾವಿರ ಜನರ ಕಾಲದ ಪಾಲು

ಊರು ಹುಟ್ಟಿದ್ದು ಹರಾಜಿನಲ್ಲಿ. 1905ರ ಮೇ 15ರಂದು ರೈಲು ಕಂಪನಿಯೊಂದು ತನ್ನ ನಿಲ್ದಾಣದ ಪಕ್ಕದ ಜಾಗವನ್ನು ಸೈಟು ಮಾಡಿ ಕೂಗಿಸಿತು. ಉಗಿ ಎಂಜಿನ್ನಿಗೆ ನೀರು ಬೇಕಿತ್ತು, ಕಣಿವೆಯಲ್ಲಿ ಒಳ್ಳೆಯ ಚಿಲುಮೆಗಳಿದ್ದವು. ದಕ್ಷಿಣ ಪೈಯೂಟ್ ಜನ ಬಹುಕಾಲದಿಂದ ಬಳಸುತ್ತಿದ್ದ ಚಿಲುಮೆಗಳವು. ಊರು ಬೆಳೆದಂತೆ ಕೊಳವೆಬಾವಿಗಳು ಎಷ್ಟು ಹೀರಿದವೆಂದರೆ 1962ರ ಹೊತ್ತಿಗೆ ಚಿಲುಮೆಗಳಿಂದ ನೀರು ಮೇಲಕ್ಕೆ ಬರುವುದೇ ನಿಂತಿತು. ನೆಲವೂ ಕುಸಿಯಿತು, ಕಣಿವೆಯ ಕೆಲವು ಕಡೆ ಐದು ಅಡಿಗೂ ಹೆಚ್ಚು.

1931 ಈ ಊರಿನ ಹಣೆಬರಹ ಬದಲಾದ ವರ್ಷ. ನೆವಾಡ ರಾಜ್ಯ ಜೂಜನ್ನು ಕಾನೂನುಬದ್ಧ ಮಾಡಿತು, ಆರು ವಾರ ವಾಸವಿದ್ದವರಿಗೆ ವಿಚ್ಛೇದನ ಸಿಗುವಂತೆ ಮಾಡಿತು. ಅದೇ ವರ್ಷ ಹತ್ತಿರದ ಕೊಲೊರಾಡೊ ನದಿಯಲ್ಲಿ ಹೂವರ್ ಅಣೆಕಟ್ಟಿನ ಕೆಲಸ ಶುರುವಾಯಿತು. 1930ರ ಗಣತಿಯಲ್ಲಿ ಇಡೀ ಕೌಂಟಿಯಲ್ಲಿ ಇದ್ದದ್ದು 8,532 ಜನ.

ಈ ಅಂಕಿ ಮುಖ್ಯ, ಏಕೆಂದರೆ ನದಿ ನೀರಿನ ಹಂಚಿಕೆ ಆದದ್ದೂ ಅದೇ ಕಾಲದಲ್ಲಿ. 1922ರ ಒಪ್ಪಂದ, 1928ರ ಕಾಯ್ದೆಯ ಲೆಕ್ಕದಲ್ಲಿ ನದಿಯ ಕೆಳಪಾತ್ರದ ನೀರು ಕ್ಯಾಲಿಫೋರ್ನಿಯಕ್ಕೆ ವರ್ಷಕ್ಕೆ 44 ಲಕ್ಷ ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ), ಅರಿಜೋನಕ್ಕೆ 28 ಲಕ್ಷ, ನೆವಾಡಕ್ಕೆ ಬರೀ 3 ಲಕ್ಷ. ನಮಗೆ ಒಗ್ಗಿದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 192, 122 ಮತ್ತು 13 ಟಿಎಂಸಿ. 2018ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟದ್ದೇ 14.75 ಟಿಎಂಸಿ. ಅದಕ್ಕಿಂತ ಕಡಿಮೆ ನೀರಿನಲ್ಲಿ ಒಂದು ರಾಜ್ಯ ತೃಪ್ತಿಪಟ್ಟುಕೊಂಡಿತು. ಬೇಸಾಯವಿಲ್ಲ, ಜನವಿಲ್ಲ, ಹೆಚ್ಚು ಕೇಳಿ ಏನು ಮಾಡುವುದು ಎಂದುಕೊಂಡಿರಬೇಕು ಅಂದಿನವರು.

ಅದೇ 13 ಟಿಎಂಸಿಯಲ್ಲಿ ಇಂದು 23 ಲಕ್ಷ ಮೀರಿದ ಜನ ಬದುಕುವುದು ಹೇಗೆ? ಇಲ್ಲಿ ಒಂದು ಲೆಕ್ಕದ ಗುಟ್ಟಿದೆ. ನೆವಾಡದ ಪಾಲನ್ನು ಅಳೆಯುವುದು ಎಷ್ಟು ಎತ್ತಿದಿರಿ ಎಂಬುದರಿಂದಲ್ಲ, ಎತ್ತಿದ್ದರಲ್ಲಿ ಎಷ್ಟನ್ನು ಕಳೆದಿರಿ ಎಂಬುದರಿಂದ. ಬಚ್ಚಲು, ಅಡುಗೆಮನೆ, ಕಕ್ಕಸು, ಹೋಟೆಲ್ ಲಾಂಡ್ರಿಯ ನೀರೆಲ್ಲ ಒಳಚರಂಡಿ ಸೇರಿ, ಸಂಸ್ಕರಣಾ ಘಟಕ ದಾಟಿ, ಲಾಸ್ ವೇಗಸ್ ವಾಶ್ ಎಂಬ ಹಳ್ಳದ ಮೂಲಕ ಮತ್ತೆ ಮೀಡ್ ಸರೋವರಕ್ಕೆ ಹೋಗುತ್ತದೆ. ಹಾಗೆ ವಾಪಸು ಬಿಟ್ಟ ಪ್ರತಿ ಎಕರೆ-ಅಡಿಗೂ ಮತ್ತೊಂದು ಎಕರೆ-ಅಡಿ ಎತ್ತಿಕೊಳ್ಳಬಹುದು. ಆದ್ದರಿಂದ ಹೋಟೆಲಿನ ಸಾವಿರಾರು ಶವರ್‌ಗಳು ನದಿಗೆ ಹೆಚ್ಚುಕಡಿಮೆ ಹೊರೆಯೇ ಅಲ್ಲ. ಕಳೆದುಹೋಗುವುದು ಬಯಲಲ್ಲಿ ಆವಿಯಾಗುವ ನೀರು, ಅದರಲ್ಲೂ ಹುಲ್ಲುಹಾಸಿಗೆ ಹಾಕುವ ನೀರು.

ಕಣಿವೆಯ ಬೇರೆ ಬೇರೆ ನೀರು ಸಂಸ್ಥೆಗಳು ತಮ್ಮತಮ್ಮಲ್ಲೇ ಜಗಳವಾಡುವುದನ್ನು ಬಿಟ್ಟು 1991ರಲ್ಲಿ ಸದರ್ನ್ ನೆವಾಡ ವಾಟರ್ ಅಥಾರಿಟಿ ಎಂಬ ಒಂದೇ ಸೂರಿನಡಿ ಬಂದದ್ದು ದೊಡ್ಡ ತಿರುವು. ಅದರ ಮುಖ್ಯಸ್ಥೆಯಾಗಿ ಎರಡು ದಶಕ ನಡೆಸಿದ ಪ್ಯಾಟ್ ಮಲ್ರಾಯ್ ನಲ್ಲಿಯನ್ನು ಬಿಟ್ಟು ಹುಲ್ಲಿಗೇ ಕೈಹಾಕಿದರು. ಅಂಗಳದ ಹುಲ್ಲು ಕಿತ್ತು ಬರ ತಾಳುವ ಗಿಡ ನೆಟ್ಟರೆ ಚದರಡಿಗೆ ಇಂತಿಷ್ಟು ಎಂದು ದುಡ್ಡು. ಹೊಸ ಮನೆಗಳ ಮುಂದಿನ ಅಂಗಳದಲ್ಲಿ ಹುಲ್ಲು ಹಾಕುವುದಕ್ಕೆ 2003ರಿಂದ ನಿಷೇಧ. ಬೆಳಗಿನ ಜಾವ ಬಡಾವಣೆಗಳಲ್ಲಿ ಅಥಾರಿಟಿಯ ಕಾರು ಸುತ್ತುತ್ತದೆ. ಸ್ಪ್ರಿಂಕ್ಲರ್ ನೀರು ಕಲ್ಲುಹಾಸು ದಾಟಿ ರಸ್ತೆ ಬದಿಗೆ ಹರಿಯುತ್ತಿದ್ದರೆ ಇನ್‌ಸ್ಪೆಕ್ಟರ್ ಇಳಿದು, ಮನೆ ನಂಬರು ಕಾಣುವಂತೆ ವಿಡಿಯೊ ಮಾಡಿಕೊಂಡು, ಎಚ್ಚರಿಕೆಯ ಸಣ್ಣ ಬಾವುಟವೊಂದನ್ನು ಹುಲ್ಲಿಗೆ ಚುಚ್ಚಿ ಹೋಗುತ್ತಾರೆ. ಮತ್ತೆ ಸಿಕ್ಕಿಬಿದ್ದರೆ ದಂಡ ಬಿಲ್ಲಿನಲ್ಲೇ ಬರುತ್ತದೆ. 2021ರಲ್ಲಿ ರಾಜ್ಯ ಶಾಸನಸಭೆ ಇನ್ನೂ ಮುಂದೆ ಹೋಯಿತು. ಯಾರೂ ನಡೆಯದ, ಆಡದ, ಬರೀ ನೋಡುವುದಕ್ಕಿರುವ ಹುಲ್ಲಿಗೆ ನದಿ ನೀರು 2026ರ ಕೊನೆಯವರೆಗೆ ಮಾತ್ರ. ಮನೆಗಳ ಸ್ವಂತ ಅಂಗಳಕ್ಕೆ ಈ ಕಾಯ್ದೆ ಅನ್ವಯಿಸದು, ರಸ್ತೆ ವಿಭಜಕ, ಕಚೇರಿ, ಬಡಾವಣೆಯ ನಿವಾಸಿ ಸಂಘಗಳ ಆಸ್ತಿಗಳಿಗೆ ಅನ್ವಯಿಸುತ್ತದೆ.

ಫಲ ಇಷ್ಟು: 2002ರಲ್ಲಿ ನದಿಯಿಂದ ಕಳೆದ ನೀರು ಪಾಲನ್ನೇ ಮೀರಿ ಸುಮಾರು 3.25 ಲಕ್ಷ ಎಕರೆ-ಅಡಿ ತಲುಪಿತ್ತು. 2023ರಲ್ಲಿ ಅದು 2 ಲಕ್ಷಕ್ಕೂ ಕೆಳಗೆ, ಎಂಟು ಟಿಎಂಸಿಯ ಆಸುಪಾಸಿಗೆ ಇಳಿಯಿತು. ಈ ನಡುವೆ ಜನ ಏಳು ಲಕ್ಷಕ್ಕೂ ಮಿಕ್ಕಿ ಹೆಚ್ಚಿದ್ದರು. 2022ರ ಜುಲೈನಲ್ಲಿ ಸರೋವರ ಸಮುದ್ರಮಟ್ಟದಿಂದ 1,040 ಅಡಿಗೆ ಕುಸಿದು, 1937ರ ನಂತರದ ತಳಮಟ್ಟ ಕಂಡಾಗ ಮೊದಲನೆಯ ನೀರೆತ್ತುವ ಬಾಯಿ ನೀರಿನಿಂದ ಹೊರಬಂದು ಒಣಗಿ ನಿಂತಿತ್ತು. ಊರಿನ ನಲ್ಲಿ ಒಂದು ದಿನವೂ ನಿಲ್ಲಲಿಲ್ಲ. 130 ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಸರೋವರದ ತಳದಿಂದಲೇ ಹೀರುವ ಮೂರನೆಯ ಸುರಂಗವನ್ನೂ ಪಂಪ್‌ಹೌಸನ್ನೂ ಮೊದಲೇ ಕಟ್ಟಿಟ್ಟುಕೊಂಡಿದ್ದರು. ಅಣೆಕಟ್ಟು ಕೆಳಕ್ಕೆ ನೀರು ಬಿಡಲಾರದ ಮಟ್ಟಕ್ಕೆ ಇಳಿದರೂ ಲಾಸ್ ವೇಗಸ್‌ಗೆ ಎಟುಕುತ್ತದೆ. ಇದು ಸಣ್ಣ ಸಾಧನೆಯಲ್ಲ.

ಕೋಣೆ ಹೆಚ್ಚಿದಂತೆ ಕೈಗಳು

ಜನ ಬಂದದ್ದು ಏಕೆ? ಉತ್ತರ ಬಹುಪಾಲು ಹೋಟೆಲ್ ಕೋಣೆಗಳ ಲೆಕ್ಕದಲ್ಲಿದೆ. 1989ರ ನವೆಂಬರ್‌ನಲ್ಲಿ ಮಿರಾಜ್ ತೆರೆಯಿತು. 1990ರಲ್ಲಿ ಎಕ್ಸ್‌ಕ್ಯಾಲಿಬರ್, 1993ರಲ್ಲಿ ಲಕ್ಸರ್, ಟ್ರೆಷರ್ ಐಲ್ಯಾಂಡ್, ಐದು ಸಾವಿರ ಕೋಣೆಗಳ ಎಂಜಿಎಂ ಗ್ರ್ಯಾಂಡ್, 1998ರಲ್ಲಿ ಬೆಲಾಜಿಯೊ. 1989ರಲ್ಲಿ ಸುಮಾರು 67 ಸಾವಿರ ಇದ್ದ ಕೋಣೆಗಳು 2000ಕ್ಕೆ 1.24 ಲಕ್ಷ ಆದವು. ಹಾಸಿಗೆ ಮಡಿಸುವವರು, ಪಾತ್ರೆ ತೊಳೆಯುವವರು, ಕಾರ್ಡ್ ಹಂಚುವವರು, ಅವರಿಗೆ ಮನೆ ಕಟ್ಟುವ ಗಾರೆಯವರು, ಆ ಗಾರೆಯವರ ಮಕ್ಕಳಿಗೆ ಪಾಠ ಹೇಳುವವರು, ಹೀಗೆ ಒಬ್ಬರ ಹಿಂದೆ ಒಬ್ಬರು ಬಂದರು. 1990ರಲ್ಲಿ 7.41 ಲಕ್ಷವಿದ್ದ ಕೌಂಟಿ ಹತ್ತೇ ವರ್ಷದಲ್ಲಿ 13.75 ಲಕ್ಷಕ್ಕೆ ಮುಟ್ಟಿತು, ಶೇ 85ರ ಏರಿಕೆ. ಹುಟ್ಟು ಸಾವು, ಬಂದವರು ಹೋದವರು ಎಲ್ಲ ಕೂಡಿ ಕಳೆದ ಮೇಲೆ ತಿಂಗಳಿಗೆ ಸರಾಸರಿ ಐದು ಸಾವಿರ ಮೀರಿದ ಹೆಚ್ಚಳ. ನಂತರದ ದಶಕದಲ್ಲಿ ಶೇ 42, ಅದರಾಚೆಯದರಲ್ಲಿ ಶೇ 16.

'ಕೂಡಿ ಕಳೆದ ಮೇಲೆ' ಎಂಬುದನ್ನು ಓದುಗರು ದಾಟಿಹೋಗಬಾರದು. ಬಂದವರಷ್ಟೇ ಹೋದವರ ಊರೂ ಇದು. ನೆವಾಡದ ನಿವಾಸಿಗಳಲ್ಲಿ ಅಲ್ಲೇ ಹುಟ್ಟಿದವರು ನಾಲ್ವರಲ್ಲಿ ಒಬ್ಬರ ಆಸುಪಾಸು, ಅಮೆರಿಕದ ರಾಜ್ಯಗಳಲ್ಲೇ ಅತ್ಯಂತ ಕಡಿಮೆ. ಪಕ್ಕದ ಕ್ಯಾಲಿಫೋರ್ನಿಯದಲ್ಲಿ ಮನೆ ಬೆಲೆ ಏರಿದಾಗಲೆಲ್ಲ ಇಲ್ಲಿಗೆ ಬಂದವರ ಸಂಖ್ಯೆ ಏರಿದೆ. ಕೆಲವರು ಅಲ್ಲಿನ ಮನೆ ಮಾರಿ ಬಂದ ನಿವೃತ್ತರು. 1980ರ ದಶಕದ ಕೊನೆಯಲ್ಲಿ ಪಶ್ಚಿಮದ ಅಂಚಿನ ಸಮ್ಮರ್ಲಿನ್‌ನಲ್ಲಿ ಎದ್ದ ಹಿರಿಯರ ಬಡಾವಣೆ ಅವರಿಗೆಂದೇ ಆದದ್ದು. ಕೆಲವರು ಅಲ್ಲಿ ಬಾಡಿಗೆ ಕಟ್ಟಲಾರದೆ ಗಂಟುಮೂಟೆ ಕಟ್ಟಿದವರು. ಈ ಎರಡು ಗುಂಪಿಗೂ ಒಂದೇ 'ವಲಸಿಗ' ಕಾಲಂ ಇರುವುದರಿಂದ ಸರಾಸರಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಜನರ ಬಣ್ಣ, ಭಾಷೆ ಬದಲಾದ ಪರಿ ಗಣತಿಯಲ್ಲಿ ಸ್ಪಷ್ಟವಿದೆ. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರ ಪಾಲು 1990ರಲ್ಲಿ ಶೇ 11, 2000ದಲ್ಲಿ 22, 2010ರಲ್ಲಿ 29, ಈಗ ಮೂರರಲ್ಲಿ ಒಂದಕ್ಕೆ ಸಮೀಪ. ಲ್ಯಾಟಿನೊ ಅಲ್ಲದ ಬಿಳಿಯರ ಪಾಲು 1990ರ ಶೇ 75ರಿಂದ 2010ಕ್ಕೆ ಶೇ 48ಕ್ಕೂ, 2020ಕ್ಕೆ ಶೇ 40ರ ಕೆಳಕ್ಕೂ ಬಂತು. ಇದನ್ನು ಬಿಳಿಯರು ಊರು ಬಿಟ್ಟ ಕತೆ ಎಂದು ಓದಿದರೆ ತಪ್ಪು. 1990ರಿಂದ 2010ರ ತನಕ ಅವರ ಸಂಖ್ಯೆಯೂ ಲಕ್ಷಗಟ್ಟಲೆ ಏರಿದೆ. ಉಳಿದವರ ಸಂಖ್ಯೆ ಅದಕ್ಕಿಂತ ಎಷ್ಟೋ ಬೇಗ ಏರಿತು, ಅಷ್ಟೆ.

ಏಷ್ಯನ್ನರಲ್ಲಿ ದೊಡ್ಡ ಗುಂಪು ಫಿಲಿಪಿನೊಗಳು. ಹೋಟೆಲು, ಆಸ್ಪತ್ರೆ, ಶಾಲೆ ಮೂರರಲ್ಲೂ ಇದ್ದಾರೆ. ಶಿಕ್ಷಕರು ಸಾಲದೆ ಬಂದಾಗ ಶಾಲಾ ಜಿಲ್ಲೆ ಫಿಲಿಪೀನ್ಸ್‌ನಿಂದಲೇ ನೇಮಿಸಿಕೊಂಡದ್ದೂ ಉಂಟು. ಮತಪತ್ರ ಈಗ ಇಂಗ್ಲಿಷ್, ಸ್ಪ್ಯಾನಿಷ್ ಜೊತೆಗೆ ಫಿಲಿಪಿನೊಗಳ ಟಾಗಲಾಗ್‌ನಲ್ಲೂ ಬರುತ್ತದೆ. ಇನ್ನೊಂದು ಗುಂಪು ನನಗೆ ವಿಶೇಷ ಕುತೂಹಲದ್ದು, ಹವಾಯಿಯವರು. ಕ್ಯಾಸಿನೊ ಉದ್ಯಮಿ ಸ್ಯಾಮ್ ಬಾಯ್ಡ್ 1975ರಲ್ಲಿ ಹಳೆಪೇಟೆಯಲ್ಲಿ ಕ್ಯಾಲಿಫೋರ್ನಿಯ ಹೋಟೆಲ್ ತೆರೆದಾಗ ಕ್ಯಾಲಿಫೋರ್ನಿಯದ ಗಿರಾಕಿಗಳು ಬರಲಿಲ್ಲ. ಆತ ಹವಾಯಿ ಕಡೆ ತಿರುಗಿದ. ವಿಮಾನ, ಕೋಣೆ, ಊಟ ಸೇರಿದ ಪ್ಯಾಕೇಜ್, ಅವರ ರುಚಿಯ ಅನ್ನ, ಎತ್ತಿನ ಬಾಲದ ಸೂಪು ಎಲ್ಲ ಇಟ್ಟ. ರಜೆಗೆ ಬಂದವರು ಮನೆ ಬೆಲೆ ವಿಚಾರಿಸಿ ಬೆರಗಾದರು. ತಮ್ಮ ದ್ವೀಪದಲ್ಲಿ ಜನ್ಮವಿಡೀ ದುಡಿದರೂ ಕೈಗೆಟುಕದ ಮನೆ ಇಲ್ಲಿ ಸಿಗುತ್ತಿತ್ತು. ಇಂದು ಲಾಸ್ ವೇಗಸ್‌ಗೆ ಅವರಿಟ್ಟ ಹೆಸರು 'ಒಂಬತ್ತನೆಯ ದ್ವೀಪ'. ಮೂಲ ಹವಾಯಿಯನ್ನರಲ್ಲಿ ಹವಾಯಿಯಲ್ಲಿ ಇರುವವರಿಗಿಂತ ಹೊರಗಿರುವವರೇ ಹೆಚ್ಚು ಎಂದು 2020ರ ಗಣತಿ ತೋರಿಸಿತು. ಮರಳುಗಾಡಿಗೆ ಕಡಲ ನಡುವಿನಿಂದ ಜನ ಬರುವುದು ಬಿಸಿಲಿನ ಆಸೆಗಲ್ಲ, ಬಾಡಿಗೆ ತಾಳಲಾರದೆ.

ಕೆಲಸ ಕೊಟ್ಟ ಊರು, ಜಾಗ ಕೊಡದ ಊರು

ಈ ಊರಿಗೆ ದುಡಿಯುವವರು ಬೇಕು, ಪಕ್ಕದ ಮನೆಯಲ್ಲಿ ಅವರು ಬೇಡ ಎಂಬ ರೋಗ ಹಳೆಯದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಇದೇ ಕಣಿವೆಯ ಹೆಂಡರ್ಸನ್‌ನಲ್ಲಿ ಮೆಗ್ನೀಸಿಯಂ ಕಾರ್ಖಾನೆ ಎದ್ದಾಗ ಅರ್ಕಾನ್ಸಾದ ಫೋರ್ಡೈಸ್, ಲೂಸಿಯಾನದ ಟಲ್ಲುಲಾ ಎಂಬ ಸಣ್ಣ ಊರುಗಳಿಂದ ಕರಿಯ ಕುಟುಂಬಗಳು ಒಂದರ ಹಿಂದೊಂದು ಬಂದವು. ಅವರಿಗೆ ಮನೆ ಸಿಗುತ್ತಿದ್ದದ್ದು ರೈಲುಹಳಿಯ ಆಚೆಯ ವೆಸ್ಟ್‌ಸೈಡ್‌ನಲ್ಲಿ ಮಾತ್ರ. ಸ್ಟ್ರಿಪ್‌ನಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದ ನ್ಯಾಟ್ ಕಿಂಗ್ ಕೋಲ್ ಅಂಥವರಿಗೂ ಅದೇ ಹೋಟೆಲಿನಲ್ಲಿ ತಂಗಲು ಕೋಣೆ ಇರಲಿಲ್ಲ. 1955ರಲ್ಲಿ ತೆರೆದ ಮೂಲಾಂ ರೂಜ್ ಎಲ್ಲರಿಗೂ ಬಾಗಿಲು ತೆಗೆದ ಮೊದಲ ಕ್ಯಾಸಿನೊ ಹೋಟೆಲು, ವರ್ಷದೊಳಗೆ ಮುಚ್ಚಿತು. 1960ರ ಮಾರ್ಚ್ 26ರಂದು, ಸ್ಟ್ರಿಪ್‌ನಲ್ಲಿ ಮೆರವಣಿಗೆ ಮಾಡುತ್ತೇವೆಂದು ಕರಿಯರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿ ಗಡುವು ಕೊಟ್ಟ ಮೇಲೆ, ಅದೇ ಕಟ್ಟಡದಲ್ಲಿ ಕೂತು ಪ್ರತ್ಯೇಕತೆ ಕೈಬಿಡುವ ಮಾತಾಯಿತು.

ಇದರ ಮುಂದಿನ ಅಧ್ಯಾಯ ವಿಂಡ್ಸರ್ ಪಾರ್ಕ್. 1960ರ ದಶಕದಲ್ಲಿ ನಾರ್ತ್ ಲಾಸ್ ವೇಗಸ್‌ನಲ್ಲಿ ಸುಮಾರು 240 ಮನೆಗಳ ಬಡಾವಣೆ ಎದ್ದಿತು. ಕರಿಯ ಕುಟುಂಬಗಳಿಗೆ ಸ್ವಂತ ಮನೆ ಸಿಗುವ ಅಪರೂಪದ ಅವಕಾಶ, ಹಾಗಾಗಿ ಜನ ಮುಗಿಬಿದ್ದು ಕೊಂಡರು. ಕೆಳಗೆ ಭೂಸ್ತರದ ಬಿರುಕುಗಳಿದ್ದವು. ಅಂತರ್ಜಲ ಹೀರಿದಂತೆ ನೆಲ ಕೂತಿತು. ಗೋಡೆ ಬಿರಿದವು, ಬಾಗಿಲು ಚೌಕಟ್ಟಿಗೆ ಕೂರದಾದವು, ನೆಲದಡಿಯ ಕೊಳಾಯಿಗಳು ಮುರಿದವು. ಇಂಥ ಮನೆಗೆ ಸಾಲವೂ ಇಲ್ಲ, ಕೊಳ್ಳುವವರೂ ಇಲ್ಲ. ಕೆಲವರು ಹೋದರು, ನೂರರ ಒಳಗಿನಷ್ಟು ಮನೆಗಳವರು ಅಲ್ಲೇ ಉಳಿದರು. ಅವರನ್ನು ಬೇರೆಡೆ ಹೊಸ ಮನೆಗೆ ಸಾಗಿಸಲು ರಾಜ್ಯ 3.7 ಕೋಟಿ ಡಾಲರ್ ಎತ್ತಿಟ್ಟದ್ದು 2023ರಲ್ಲಿ. ಊರಿನ ಬಾಯಾರಿಕೆಯ ಬೆಲೆಯನ್ನು ಮೊದಲು ತೆತ್ತವರು ಯಾರು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ನನಗೆ ಗೊತ್ತಿಲ್ಲ.

ಇದಕ್ಕೆ ಎದುರಾಗಿ ಊರನ್ನು ದುಡಿಯುವವರಿಗೂ ಬಾಳುವಂತೆ ಮಾಡಿದ ಒಂದು ಸಂಸ್ಥೆಯಿದೆ, ಕ್ಯುಲಿನರಿ ಯೂನಿಯನ್ ಲೋಕಲ್ 226. ಅಡುಗೆಯವರು, ಹೌಸ್‌ಕೀಪಿಂಗ್‌ನವರು, ಬಾರಿನವರು, ಒಟ್ಟು 60 ಸಾವಿರದಷ್ಟು ಸದಸ್ಯರು. 1991ರ ಸೆಪ್ಟೆಂಬರ್‌ನಲ್ಲಿ ಫ್ರಾಂಟಿಯರ್ ಹೋಟೆಲಿನ 550 ಮಂದಿ ಮುಷ್ಕರ ಹೂಡಿ ಬಾಗಿಲಲ್ಲಿ ನಿಂತವರು, 1998ರ ಜನವರಿ ಕೊನೆಯವರೆಗೆ ನಿಂತೇ ಇದ್ದರು. ಆರು ವರ್ಷ ನಾಲ್ಕು ತಿಂಗಳು, ಆರು ಬೇಸಿಗೆ. ಒಬ್ಬರೂ ಸಾಲು ಮುರಿದು ಒಳಗೆ ಹೋಗಲಿಲ್ಲ. ಈ ಯೂನಿಯನ್ ಗಳಿಸಿದ ಆರೋಗ್ಯ ವಿಮೆ, ಪಿಂಚಣಿ, ಮೊದಲ ಮನೆ ಕೊಳ್ಳುವವರಿಗೆ ಮುಂಗಡದ ನೆರವು ಇವೇ ಹಾಸಿಗೆ ಮಡಿಸುವ ಹೆಂಗಸೊಬ್ಬಳು ಇಲ್ಲಿ ಮನೆಯೊಡತಿಯಾಗಬಹುದು ಎಂಬ ಮಾತಿಗೆ ಆಧಾರ. ಜನ ನೆಲೆನಿಂತದ್ದರ ಶ್ರೇಯಸ್ಸನ್ನು ಹಂಚುವಾಗ ನಾನಾದರೆ ನಗರ ಯೋಜಕರಿಗಿಂತ ಮೊದಲು ಇವರಿಗೆ ಕೊಡುತ್ತೇನೆ.

ಆದರೂ ಅಡಿಪಾಯ ಅಲುಗಾಡುವಂಥದೇ ಎಂದು 2008 ತೋರಿಸಿತು. ಊರು ಬೆಳೆಯುವುದೇ ಊರಿನ ಎರಡನೆಯ ಉದ್ಯಮವಾಗಿತ್ತು: ನಾಳೆ ಬರುವವರಿಗೆ ಇಂದು ಬಂದವರು ಮನೆ ಕಟ್ಟುವುದು. ಕಟ್ಟಡ ಕೆಲಸದಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಬರುವವರು ನಿಂತೊಡನೆ ಅದು 40 ಸಾವಿರಕ್ಕೂ ಕೆಳಗಿಳಿಯಿತು. ಮನೆ ಬೆಲೆ 2006ರ ತುದಿಯಿಂದ ಅರ್ಧಕ್ಕಿಂತ ಕೆಳಗೆ ಬಿತ್ತು, ಬ್ಯಾಂಕು ಜಪ್ತಿಯಲ್ಲಿ ಇಡೀ ದೇಶಕ್ಕೆ ಈ ಊರೇ ಮುಂದು. 2020ರ ಏಪ್ರಿಲ್‌ನಲ್ಲಿ ಕ್ಯಾಸಿನೊಗಳಿಗೆ ಬೀಗ ಬಿದ್ದಾಗ ನಿರುದ್ಯೋಗ ಶೇ 30 ದಾಟಿತು.

ಶಾಲೆಗಳ ಲೆಕ್ಕದಲ್ಲಿ ಮುಂದಿನ ದಿನಗಳ ಸುಳಿವಿದೆ. 1990ರಲ್ಲಿ ಸುಮಾರು 1.2 ಲಕ್ಷ ಮಕ್ಕಳಿದ್ದ ಕ್ಲಾರ್ಕ್ ಕೌಂಟಿ ಶಾಲಾ ಜಿಲ್ಲೆ 3.2 ಲಕ್ಷದವರೆಗೆ ಬೆಳೆದು ದೇಶದ ಐದನೆಯ ದೊಡ್ಡ ಜಿಲ್ಲೆಯಾಯಿತು. 1998ರಲ್ಲಿ ಮತದಾರರು ಒಪ್ಪಿದ ಬಾಂಡ್ ಹಣದಲ್ಲಿ ನೂರಕ್ಕೂ ಹೆಚ್ಚು ಶಾಲೆ ಕಟ್ಟಿದರು, ಅಷ್ಟಾದರೂ ಜಾಗ ಸಾಲದೆ ಹಲವು ಶಾಲೆಗಳು ವರ್ಷವಿಡೀ ಪಾಳಿಯಲ್ಲಿ ನಡೆದವು. ಈಗ ಒಟ್ಟು ಜನಸಂಖ್ಯೆ ಏರುತ್ತಲೇ ಇದೆ, ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಹೆರಿಗೆ ಕಡಿಮೆ, ಸರ್ಕಾರಿ ಹಣದಲ್ಲೇ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳ ಪೈಪೋಟಿ, ಮನೆ ಬೆಲೆಗೆ ಬೆದರಿದ ಎಳೆಯ ಸಂಸಾರಗಳು, ಬರುವವರಲ್ಲಿ ಹಿರಿಯರ ಪಾಲು ಎಲ್ಲವೂ ಕಾರಣ. ವೈದ್ಯರ ಕೊರತೆ ಬೇರೆ: ಇಷ್ಟು ದೊಡ್ಡ ಊರಿನ ಸರ್ಕಾರಿ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಮೊದಲ ತಂಡ ಸೇರಿದ್ದೇ 2017ರಲ್ಲಿ.

ನೆಲ ಮತ್ತು ನೆರಳು

ಕಣಿವೆಯ ಸುತ್ತ ಕಣ್ಣು ಹಾಯುವಷ್ಟು ಬಯಲು. ಆದರೂ ಸೈಟಿಗೆ ಬರ, ಏಕೆಂದರೆ ನೆವಾಡದ ಶೇ 80ರಷ್ಟು ನೆಲ ಕೇಂದ್ರ ಸರ್ಕಾರದ್ದು. 1998ರ ಕಾಯ್ದೆಯೊಂದು ಕಣಿವೆಯ ಸುತ್ತ ಒಂದು ಗಡಿ ಎಳೆದು, ಅದರೊಳಗಿನ ಸರ್ಕಾರಿ ಜಮೀನನ್ನು ಹರಾಜು ಹಾಕಲು ಬಿಟ್ಟಿತು. ಬಂದ ಹಣದಲ್ಲಿ ಶೇ 5 ರಾಜ್ಯದ ಶಿಕ್ಷಣಕ್ಕೆ, ಶೇ 10 ನೀರು ಅಥಾರಿಟಿಗೆ, ಉಳಿದದ್ದು ಉದ್ಯಾನ, ಸಂರಕ್ಷಣೆಯಂಥ ಕೆಲಸಗಳ ನಿಧಿಗೆ. 1905ರಲ್ಲಿ ರೈಲು ಕಂಪನಿ ಮಾಡಿದ್ದನ್ನೇ ಈಗ ಕೇಂದ್ರ ಮಾಡುತ್ತಿದೆ. ಹೆಚ್ಚು ಕೂಗಿದವರಿಗೆ ಜಮೀನು ಹೋಗುತ್ತದೆ, ಆ ಬೆಲೆಗೆ ತಕ್ಕ ಮನೆ ಏಳುತ್ತದೆ. ಅಗ್ಗದ ಮನೆಗಳಿಗೆ ರಿಯಾಯಿತಿ ದರದಲ್ಲಿ ಜಮೀನು ಕೊಡುವ ಅವಕಾಶ ಕಾಯ್ದೆಯಲ್ಲೇ ಇತ್ತು. ಎಷ್ಟೋ ವರ್ಷ ಅದನ್ನು ಬಳಸಿದ್ದೇ ಕಡಿಮೆ.

ಹೊಸ ಬಡಾವಣೆಗಳು ಬೆಟ್ಟದ ತಪ್ಪಲಿನ ತಂಪಿಗೆ ಏರುತ್ತವೆ. ಹಳೆಯ, ಬಾಡಿಗೆಯವರೇ ಹೆಚ್ಚಿರುವ ಪೂರ್ವದ ಬೀದಿಗಳೂ ವೆಸ್ಟ್‌ಸೈಡೂ ತಗ್ಗಿನಲ್ಲಿ, ಡಾಂಬರಿನ ನಡುವೆ, ಮರವಿಲ್ಲದೆ ಕಾಯುತ್ತವೆ. 2024ರ ಜುಲೈ 7ರಂದು ಉಷ್ಣತೆ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 48.9 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಊರಿನ ದಾಖಲೆಯಾಯಿತು. ಆ ವರ್ಷ ಕೌಂಟಿಯಲ್ಲಿ ಬಿಸಿಲು ಕಾರಣವಾಗಿ ಸತ್ತವರು 500 ಮೀರಿದರು. ಸರೋವರ ಬತ್ತಿದ್ದಕ್ಕೆ ಒಬ್ಬರೂ ಸಾಯದ ಊರಿನಲ್ಲಿ ಇದು. ನಗರಪಾಲಿಕೆ 2050ರೊಳಗೆ 60 ಸಾವಿರ ಮರ ನೆಡುವ ಯೋಜನೆ ಹಾಕಿಕೊಂಡಿದೆ. ಇತ್ತ ಹುಲ್ಲು ಕೀಳುವಾಗ, ಸ್ಪ್ರಿಂಕ್ಲರ್ ನೀರನ್ನೇ ನಂಬಿ ನಿಂತಿದ್ದ ದೊಡ್ಡ ಮರಗಳೂ ಒಣಗುತ್ತಿವೆ ಎಂಬ ದೂರಿದೆ. ನೀರು ಉಳಿಸಿದ ಇಲಾಖೆಯ ಲೆಕ್ಕಪುಸ್ತಕದಲ್ಲಿ ನೆರಳಿಗೆ ಕಾಲಂ ಇಲ್ಲ. ಇದು ಅವರ ಸಾಧನೆಯ ಬಗ್ಗೆ ನನಗಿರುವ ಒಂದೇ ದೊಡ್ಡ ತಕರಾರು.

1998ರ ಆ ಹರಾಜಿನ ಗಡಿಯನ್ನು ಹಿಗ್ಗಿಸಿ ಇನ್ನೂ ಸುಮಾರು 25 ಸಾವಿರ ಎಕರೆ ಬಿಟ್ಟುಕೊಡಬೇಕೆಂಬ ಮಸೂದೆಯನ್ನು ನೆವಾಡದ ಸಂಸದರು ವರ್ಷಗಳಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಮತ್ತೆ ಮತ್ತೆ ಮಂಡಿಸುತ್ತಿದ್ದಾರೆ. ಪರವಾಗಿರುವವರು ಮನೆ ಬೆಲೆ ಇಳಿಯುತ್ತದೆ ಎನ್ನುತ್ತಾರೆ, ವಿರೋಧಿಗಳು ನೀರಿಲ್ಲ ಎನ್ನುತ್ತಾರೆ. ಎರಡೂ ವಾದ ಗುರಿ ತಪ್ಪಿದವು ಎಂದು ನನ್ನ ಅನಿಸಿಕೆ. ಒಳಗಿನ ಬಳಕೆಯ ನೀರು ಸರೋವರಕ್ಕೆ ಮರಳುವ ತನಕ, ಹುಲ್ಲಿಲ್ಲದ ಹೊಸ ಮನೆ ನದಿಯಿಂದ ಕಳೆಯುವುದು ಅಲ್ಪ. ಅದೇ ರೀತಿ ಹರಾಜಿನಲ್ಲಿ ಮಾರಿದ ನೆಲದ ಮೇಲೆ, ಊರಿನ ಅಂಚಿನಲ್ಲಿ ಏಳುವ ಮನೆ ಸ್ಟ್ರಿಪ್‌ನ ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಮರಳುವವಳ ಕೈಗೆಟುಕುವುದಿಲ್ಲ. ಆ 25 ಸಾವಿರ ಎಕರೆಯಲ್ಲಿ ಎಷ್ಟನ್ನು ರಿಯಾಯಿತಿ ದರದ ಮನೆಗಳಿಗೆ ಕಾದಿರಿಸುತ್ತೀರಿ, ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೊಂದು, ನಿಲ್ದಾಣದಲ್ಲಿ ನೆರಳು ಇದೆಯೇ ಎಂದು ಮಸೂದೆಯ ಚರ್ಚೆಯಲ್ಲಿ ಮೊದಲು ಕೇಳಬೇಕು.